ಓಬಳೇಶನ ಬಾನಿ

ಓಬಳೇಶ ದಾಂಡೇಲಿಯಿಂದ ಊರಿಗೆ ವಾಪಸಾದಾಗ ಲಗೇಜ್ ಆಟೋದ ಮೇಲೆ ಕೆಂಪು ಪ್ಲಾಸ್ಟಿಕ್ ದೋಣಿಯೊಂದನ್ನು ಹಗ್ಗದಲ್ಲಿ ಬಿಗಿದು ತಂದಿದ್ದ. ಒಬ್ಬನೇ ಕೂರುವಂಥದ್ದು. ಮೇಲೆಲ್ಲ ಮುಚ್ಚಿಕೊಂಡು ನಡುವೆ ಸೊಂಟ ತೂರುವಷ್ಟು ಮಾತ್ರ ಬಾಯಿ. ಇದರ ಹೆಸರು ಕಯಾಕ್ ಎಂದು ಅವನು ಹೇಳಿದರೆ ಕೇಳುವವರ್ಯಾರು? ದನಕ್ಕೆ ಕಲಗಚ್ಚು ಹಾಕುವ ಬಾನಿ ಎಂದೇ ಊರು ಹೆಸರಿಟ್ಟಿತು. ಹಿರಿಯೂರಿನ ಮಗ್ಗುಲಲ್ಲಿ, ಮಾರಿ ಕಣಿವೆ ಅಣೆಕಟ್ಟಿನ ಕೆಳಗೇ ನಮ್ಮೂರು. ಆದರೂ ಕುಡಿಯುವ ನೀರು ಟ್ಯಾಂಕರಿನಲ್ಲಿ ಬರುತ್ತಿದ್ದ ಕಾಲ ಅದು. ಅಂಥ ಊರಿಗೆ ದೋಣಿ ತಂದವನನ್ನು ಜನ ಸುಮ್ಮನೆ ಬಿಡುತ್ತಾರೆಯೇ?

"ಏನಪ್ಪ ಓಬಳೇಶ, ಟ್ಯಾಂಕರ್ ಬಂದೈತೆ. ನಿನ್ ಬಾನಿ ಬಿಡು ಹೋಗು!" ಎಂದು ಅರಳಿಕಟ್ಟೆಯ ಮೇಲಿಂದ ಕೂಗುತ್ತಿದ್ದವನು ಪ್ರಭುಲಿಂಗ. ಹಬ್ಬ, ಪೂಜೆ, ಪಂಚಾಯ್ತಿ ಎಲ್ಲದಕ್ಕೂ ಮುಂದೆ ನಿಲ್ಲುವ ಗಟ್ಟಿ ಗಂಟಲಿನ ಆಸಾಮಿ. ಓಬಳೇಶ ನಕ್ಕು ಮುಂದೆ ಹೋಗುತ್ತಿದ್ದ. ಪಕ್ಕದ ಮನೆಯವನಾದ ನನಗೆ ಮೈ ಉರಿಯುತ್ತಿತ್ತು.

ದಾಂಡೇಲಿಯಲ್ಲಿ ಅವನ ಕೆಲಸ ಹುಡುಗಾಟದ್ದಲ್ಲ. ಪ್ರವಾಸಿಗರ ರಬ್ಬರ್ ದೋಣಿಗಳು ಬಂಡೆಗಳ ನಡುವೆ ಧುಮುಕುತ್ತ ಇಳಿಯುವಾಗ ನೀರಿಗೆ ಬಿದ್ದವರನ್ನು ಹಿಂದೆಯೇ ಹೋಗಿ ಎತ್ತಿಕೊಳ್ಳುವುದು. ಎಷ್ಟೋ ತಾಯಂದಿರ ಮಕ್ಕಳನ್ನು ದಡ ಮುಟ್ಟಿಸಿದವನು. ಆ ಕೆಲಸ ನಿಂತುಹೋದ ಮೇಲೆ ಅವನಿಗೆ ಉಳಿದದ್ದು ಈ ಹಳೆಯ ದೋಣಿ. ಬಬ್ಬೂರು ಫಾರಂನಲ್ಲಿ ಕೂಲಿಗೆ ಸೇರಿಕೊಂಡ. ದೋಣಿ ಕೊಟ್ಟಿಗೆಯಲ್ಲಿ ಕವುಚಿ ಬಿತ್ತು. ಅದರ ಅಡಿಯಲ್ಲಿ ಕೋಳಿಗಳು ಕಾವು ಕೂತವು.

ಹೆಣ್ಣು ಕೊಡಲು ಬಂದವರೊಬ್ಬರು ಕೊಟ್ಟಿಗೆ ಕಡೆ ನೋಡಿ ನಕ್ಕು ಎದ್ದುಹೋದ ದಿನ ಅವನ ತಾಯಿ ದುರುಗಕ್ಕ ತಡೆಯಲಾರದೆ ಅಂದಳು: "ಲೇ, ಅದನ್ನ ಗುಜರಿಗಾದ್ರೂ ಹಾಕೋ. ಜನ ನಗ್ತಾ ಅವ್ರೆ."

"ಒಂದೇ ಒಂದ್ಸಲ ತೋರಿಸ್ತೀನಿ ಅವ್ವ. ಆಮೇಲೆ ನೀನೇ ಇದ್ರಾಗೆ ಕಲಗಚ್ಚು ಹಾಕು, ಬ್ಯಾಡ ಅನ್ನಲ್ಲ" ಅಂದ ಓಬಳೇಶ.

ಅಜ್ಜಂದಿರು ಮಾತ್ರ ಕಂಡಿದ್ದ ಕೋಡಿ ಆ ವರ್ಷ ಬಿತ್ತು. ಅಣೆಕಟ್ಟು ತುಂಬಿ, ಹೆಚ್ಚಾದ ನೀರು ಕೋಡಿ ಹಳ್ಳಕ್ಕೆ ನುಗ್ಗಿತು. ಆ ಹಳ್ಳವೋ ಬರೀ ಬಂಡೆಗಳ ಇಳಿಜಾರು. ಒಂದೊಂದು ತಿರುವಿಗೂ ಒಂದು ಧುಮುಕು, ಅದರ ಕೆಳಗೆ ಸುಳಿ. ಜಿಲ್ಲೆಗೆ ಜಿಲ್ಲೆಯೇ ಟ್ರ್ಯಾಕ್ಟರ್ ಹತ್ತಿ ನೋಡಲು ಬಂತು. ಓಬಳೇಶ ಫಾರಂಗೆ ಹೋಗುವುದನ್ನೇ ಬಿಟ್ಟ. ದಡದಲ್ಲಿ ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ನಡೆದು ಪ್ರತಿ ಬಂಡೆಯನ್ನೂ ಕಣ್ಣಲ್ಲಿ ಅಳೆದ. ಹಿರಿಯೂರಿನಲ್ಲಿ ಪ್ಲಾಸ್ಟಿಕ್ ಬಿಂದಿಗೆಗಳಿಗೆ ಬೆಸುಗೆ ಹಾಕುವ ಜಮಾಲ್ ಸಾಬ್ ದೋಣಿಯ ತಳದ ಬಿರುಕು ಮುಚ್ಚಿಕೊಟ್ಟರು. ಕೋಳಿಗಳಿಗೆ ಬೇರೆ ಜಾಗವಾಯಿತು.

ಹಳ್ಳಕ್ಕೆ ದೋಣಿ ಇಳಿಸುವ ಹಿಂದಿನ ದಿನ ಅವನು ಕಟ್ಟೆಯ ಹತ್ತಿರ ಎಲ್ಲರಿಗೂ ಕೈಮುಗಿದು ಒಂದೇ ಮಾತು ಕೇಳಿಕೊಂಡ: "ನಾನು ಕೆಳಗೆ ಮುಟ್ಟೋ ಗಂಟ ಗಂಗಮ್ಮಂಗೆ ಬಾಗಿನ ಬಿಡಬ್ಯಾಡ್ರಿ. ಮೊರ ಆಗ್ಲಿ, ಸೀರೆ ಆಗ್ಲಿ, ಏನೂ ಬ್ಯಾಡ. ಕಲ್ಲಿನ ಸಂದಿಯಾಗೆ ಬಟ್ಟೆ ಸಿಕ್ಕಂಡ್ರೆ ನನಗೆ ಬಲೆ ಹಾಕ್ದಂಗೆ." ಪ್ರಭುಲಿಂಗನೇ ಒಪ್ಪಿ ಬಾಗಿನವನ್ನು ಮಧ್ಯಾಹ್ನಕ್ಕೆ ತಳ್ಳಿದ. ಮೊದಲು ಮೋಜು, ಆಮೇಲೆ ಪೂಜೆ ಎಂದು ಅವನ ಲೆಕ್ಕ.

ದುರುಗಕ್ಕನೂ ಆ ಮಾತು ಕೇಳಿಸಿಕೊಂಡಿದ್ದಳು. ಆದರೆ ಹೊಸ ನೀರಿಗೆ ಕಾಲಿಡುವ ಮುಂಚೆ ಗಂಗಮ್ಮನಿಗೆ ಒಪ್ಪಿಸಬೇಕಾದ್ದನ್ನು ಒಪ್ಪಿಸದೆ ಇಳಿಯುವುದುಂಟೇ? ಊರವರದು ಬೇಕಾದರೆ ಕಾಯಲಿ, ಹೆತ್ತವಳದು ಕಾಯುವಂತಿಲ್ಲ ಅಂದುಕೊಂಡಳು. ಬೆಳಕು ಹರಿಯುತ್ತಲೇ ತನ್ನ ಧಾರೆ ಸೀರೆಯನ್ನು ಒಯ್ದಳು. ಬಿಟ್ಟ ಸೀರೆ ತೇಲಿ ದಡಕ್ಕೆ ಬಂದರೆ ಗಂಗಮ್ಮ ಒಲ್ಲೆ ಅಂದಳು ಎಂದರ್ಥ, ಅದು ಕೇಡು. ಹಾಗಾಗಬಾರದೆಂದು ಸೆರಗಿಗೆ ಒಂದು ಕಲ್ಲು ಕಟ್ಟಿದಳು. ಮಗನ ಹೆಸರು ಹೇಳಿ ಹಳ್ಳಕ್ಕೆ ಬಿಟ್ಟಳು. ಸೀರೆ ಮುಳುಗಿತು. ಗಂಗಮ್ಮ ತಗೊಂಡಳೆಂದು ಸಮಾಧಾನವಾಗಿ ಮನೆಗೆ ಬಂದು ಮಗನಿಗೆ ರೊಟ್ಟಿ ಬಡಿದಳು. ಅವನು ರೊಟ್ಟಿ ತಿಂದು, ಹೆಲ್ಮೆಟ್ ಹಾಕಿಕೊಂಡು ಹೊರಟ.

ಎರಡೂ ದಡದಲ್ಲಿ ಜಾತ್ರೆಯಂಥ ಜನ. ಮೊದಲ ಧುಮುಕಿನಲ್ಲಿ ದೋಣಿ ಮೂತಿ ಮೇಲೆತ್ತಿ ಹಾರಿತು, ಬಿತ್ತು, ತೇಲಿತು. ಎರಡನೆಯದರ ಕೆಳಗೆ ಬುಡಮೇಲಾಯಿತು. ಹೆಂಗಸರು ಚೀರಿದರು. ಓಬಳೇಶ ನೀರೊಳಗಿಂದಲೇ ಹುಟ್ಟು ಬೀಸಿ, ಸೊಂಟ ತಿರುವಿ, ದೋಣಿ ಸಮೇತ ಎದ್ದು ಕೂತು ನಕ್ಕ. ಅಂಥದ್ದನ್ನು ನಮ್ಮ ಜನ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಶಿಳ್ಳೆ, ಚಪ್ಪಾಳೆ! ಬಾನಿ ಬಾನಿ ಎಂದು ಆಡಿಕೊಂಡ ಬಾಯಿಗಳೇ "ಓಬಳೇಶಣ್ಣಂಗೆ ಜೈ" ಅಂದವು. ದುರುಗಕ್ಕನ ಮುಖ ನೋಡಬೇಕಿತ್ತು. ಅಷ್ಟು ಸಂತೋಷ ಅವಳ ಮುಖದಲ್ಲಿ ನಾನು ಕಂಡದ್ದು ಅದೊಂದೇ ಸಲ.

ಮೂರನೆಯ ಧುಮುಕಿನ ಕೆಳಗೆ ದೋಣಿ ಮತ್ತೆ ಬುಡಮೇಲಾಯಿತು.

ಯಾರೂ ಚೀರಲಿಲ್ಲ. ಇದೂ ಆಟವೆಂದುಕೊಂಡರು. "ಒನ್ಸ್ ಮೋರ್! ಒನ್ಸ್ ಮೋರ್!" ಎಂದು ಪ್ರಭುಲಿಂಗ ಕೂಗಿದ, ಅವನ ಹಿಂದೆ ಇಡೀ ದಡ ಕೂಗಿತು. ಮೊಬೈಲುಗಳೆಲ್ಲ ಅತ್ತಲೇ. ಕೆಂಪು ತಳ ಬಿಸಿಲಿಗೆ ಹೊಳೆಯುತ್ತ ಅಲ್ಲೇ ಅಲುಗಾಡುತ್ತಿತ್ತು. ದುರುಗಕ್ಕ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದಳು. "ಏಳ್ತಾನೆ ನೋಡ್ರಿ, ಈಗ ಏಳ್ತಾನೆ" ಎಂದು ಪಕ್ಕದವರಿಗೆ ಹೇಳುತ್ತಿದ್ದಳು. ಅವಳ ಕೈ ನಿಂತದ್ದು ಜಮಾಲ್ ಸಾಬರು ಚಪ್ಪಲಿ ಬಿಟ್ಟು ನೀರಿಗೆ ಓಡಿದಾಗ.

ಹಗ್ಗ ಕಟ್ಟಿಕೊಂಡು ನಾಲ್ಕು ಜನ ಇಳಿದೆವು. ಎರಡು ಬಂಡೆಗಳ ಸಂದಿಯಲ್ಲಿ ಕಲ್ಲಿನ ಗಂಟು ಕೂತಿತ್ತು. ಅದರಿಂದ ನೀರಿನುದ್ದಕ್ಕೂ ಚಾಚಿದ ಸೀರೆ ಹುಟ್ಟಿಗೂ ಅವನ ಕುತ್ತಿಗೆಗೂ ಸುತ್ತಿಕೊಂಡಿತ್ತು. ಎರಡು ಕೈಯಲ್ಲೂ ಅದನ್ನೇ ಹಿಡಿದಿದ್ದ. ಜಮಾಲ್ ಸಾಬ್ ಚಾಕುವಿನಿಂದ ಕೊಯ್ದರು, ಗಂಟು ಕಂಡು ಕೈ ತಡೆದರು. ಸೀರೆಯನ್ನು ಮುದುರಿ ಬಗಲಲ್ಲಿ ಇಟ್ಟುಕೊಂಡು ದಡ ಹತ್ತಿದರು.

ದುರುಗಕ್ಕ ಮಗನ ಮುಖವನ್ನು ಆಮೇಲೆ ನೋಡಿದಳು. ಮೊದಲು ನೋಡಿದ್ದು ಸಾಬರ ಬಗಲನ್ನು.

"ಕೊಡ್ರಿ ಸಾಬ್ರೇ" ಅಂದಳು. "ಅದು ನಂದು."

ಅಷ್ಟರಲ್ಲಿ ಪ್ರಭುಲಿಂಗನಿಗೆ ಮಾತು ಸಿಕ್ಕಿತ್ತು. "ಗಂಗಮ್ಮ ಒಪ್ಕಂಡ್ಳು ಕಣ್ರಿ. ತಾಯಿ ಕೊಟ್ಟ ಸೀರೆ ಉಟ್ಕಂಡು ಮಗನ್ನ ಮಡಿಲಿಗೆ ಹಾಕ್ಕಂಡ್ಳು. ದುರುಗಕ್ಕ ಪುಣ್ಯವಂತೆ" ಅಂದ. ಹೆಂಗಸರು ಆ ಹೆಣದ ಪಕ್ಕದಲ್ಲಿ ಬಂದು ಅವಳ ಕಾಲು ಮುಟ್ಟಿದರು. ಥೂ! ಆ ಬಾಯಿಗೆ ಬಡಿಯಬೇಕಿತ್ತು. ಮಧ್ಯಾಹ್ನ ಬಾಗಿನವೂ ನಡೆಯಿತು, ಬಂದ ಜನ ಊಟ ಮಾಡಿಯೇ ಹೋದರು.

ಒಂದೆರಡು ವರ್ಷ ಬಿಟ್ಟು ಮತ್ತೆ ಕೋಡಿ ಬಿತ್ತು. ಪ್ರಭುಲಿಂಗ ಹೆಂಗಸರನ್ನು ಕಟ್ಟಿಕೊಂಡು, ಹಸಿರು ಸೀರೆ ತಟ್ಟೆಯಲ್ಲಿಟ್ಟುಕೊಂಡು ದುರುಗಕ್ಕನ ಮನೆಗೆ ಬಂದ. "ಮೊದಲ ಸೀರೆ ನಿನ್ ಕೈಯಾಗೇ ಬಿಡ್ಬೇಕಕ್ಕ. ಗಂಗಮ್ಮಂಗೆ ನಿನ್ ಕೈ ಆಗಿಬಂದೈತೆ" ಅಂದ. ಅವಳು ತಟ್ಟೆ ಈಸಿಕೊಂಡಳು. ಎದ್ದು ಅವರ ಜೊತೆ ಕೋಡಿಗೆ ನಡೆದಳು.

ವಾಲಗ ಊದುತ್ತಿತ್ತು. ಅವಳು ನೀರಿನ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ಸೀರೆಯ ಮಡಿಕೆ ಬಿಚ್ಚಿ ಅಂಚನ್ನು ಹಲ್ಲಿಗೆ ಕೊಟ್ಟು ಪರ್ರನೆ ಹರಿದಳು.

"ಅಯ್ಯಯ್ಯೋ, ಹರಿದ ಬಟ್ಟೆ ಗಂಗಮ್ಮಂಗೆ!" ಎಂದು ಹೆಂಗಸರು ಬಾಯಿ ಬಡಿದುಕೊಂಡರು. ಪ್ರಭುಲಿಂಗ ಕಸಿಯಲು ಕೈ ಚಾಚಿದ. ಅವಳು ಅವನ ಕೈಯನ್ನು ಕಚ್ಚಿದಳು. ಮತ್ತೆ ತಲೆ ತಗ್ಗಿಸಿ ಹರಿಯತೊಡಗಿದಳು. ಒಂದೊಂದೇ ತುಂಡನ್ನು ತನ್ನ ಕುತ್ತಿಗೆಗೆ ಸುತ್ತಿ ನೋಡುತ್ತಿದ್ದಳು. ಸುತ್ತುವಷ್ಟು ಉದ್ದವಿದ್ದರೆ ಮತ್ತೆ ಎರಡು ಮಾಡುತ್ತಿದ್ದಳು. ಸುತ್ತಲು ಸಾಲದ್ದನ್ನು ಮಾತ್ರ ನೀರಿಗೆ ಬಿಡುತ್ತಿದ್ದಳು.