ಅಣ್ಣನ ಡಿವಿಡಿಯ ಮೂಲೆಯಲ್ಲಿದ್ದ ದಿನಾಂಕ

ಅಣ್ಣ ತೀರಿಕೊಂಡು ವರ್ಷ ತುಂಬುವ ಹೊತ್ತಿಗೆ ಅತ್ತಿಗೆ ನನ್ನಿಂದ ಒಂದೇ ಒಂದು ಕೆಲಸ ಕೇಳಿದರು. ಪಿರಿಯಾಪಟ್ಟಣದ ಕಡೆಯ ಅವರ ಹಳ್ಳಿಮನೆಯಲ್ಲಿ ಪುಣ್ಯಸ್ಮರಣೆಯ ದಿನ, ಬಂದವರು ಊಟ ಮುಗಿಸಿ ಹೊರಡುವವರೆಗೂ ಅವರೇ ತೆಗೆದಿದ್ದ ಅಣ್ಣನ ವಿಡಿಯೊ ಟಿ.ವಿ.ಯಲ್ಲಿ ನಿಲ್ಲದೆ ಓಡುತ್ತಿರಬೇಕು. ಆ ಮನೆಯ ಹಳೆಯ ಡಿವಿಡಿ ಪ್ಲೇಯರಿನ ರಿಮೋಟು ಎಂದೋ ಕಳೆದುಹೋಗಿತ್ತು. ಆದ್ದರಿಂದ, ಮುಗಿದದ್ದು ತಾನಾಗಿ ಮತ್ತೆ ಆರಂಭವಾಗುವ ವ್ಯವಸ್ಥೆಯನ್ನು ಡಿಸ್ಕಿನೊಳಗೇ ಮಾಡಬೇಕಿತ್ತು.

ಹುಣಸೂರಿನ ನನ್ನ ಮನೆಯಲ್ಲಿ ಮಾಡಿದ ಮೊದಲ ಡಿಸ್ಕು ವಿಫಲವಾಯಿತು. ವಿಡಿಯೊ ಮುಗಿದೊಡನೆ ಅದು ಮೆನುವಿಗೆ ಮರಳಿ, ಯಾರಾದರೂ ಗುಂಡಿ ಒತ್ತಲೆಂದು ಕಾಯುತ್ತ ನಿಂತುಬಿಡುತ್ತಿತ್ತು. ಎರಡನೆಯದರಲ್ಲಿ ಮೆನುವನ್ನೇ ತೆಗೆದುಹಾಕಿ, ಕೊನೆಯ ಆಜ್ಞೆಯನ್ನು ಆರಂಭಕ್ಕೆ ಜೋಡಿಸಿದೆ. ಅದು ಓಡಿತು, ಆದರೆ ಪ್ರತಿ ಸುತ್ತಿನ ನಡುವೆ ಪರದೆ ಒಂದು ಕ್ಷಣ ಕಪ್ಪಾಗುತ್ತಿತ್ತು. ಅಷ್ಟು ಹೊತ್ತೂ ಅಣ್ಣ ಕಾಣದಂತಾಗುವುದನ್ನು ಅತ್ತಿಗೆ ಸಹಿಸಲಾರರೆಂದು ತೋರಿತು. ಮೂರನೆಯದರಲ್ಲಿ ಅದೇ ತುಣುಕನ್ನು ಹತ್ತು ಸಲ ಒಂದರ ಹಿಂದೊಂದು ಹೆಣೆದು, ಕಪ್ಪು ಕ್ಷಣ ಅಪರೂಪಕ್ಕೊಮ್ಮೆ ಬರುವಂತೆ ಮಾಡಿದೆ.

ಬೆಸುಗೆಗಳನ್ನು ಪರೀಕ್ಷಿಸಲು ಅದನ್ನು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ಅಣ್ಣ ಬ್ಯಾರನ್ನಿನ ಮುಂದೆ, ಎಂದರೆ ಹೊಗೆಸೊಪ್ಪು ಬೇಯಿಸುವ ಎತ್ತರದ ಮನೆಯ ಮುಂದೆ ಕುಳಿತು, ಬೆಂದ ಹಳದಿ ಸೊಪ್ಪನ್ನು ಕಡ್ಡಿಯಿಂದ ಬಿಡಿಸುತ್ತಿದ್ದ. ನಡುವೆ ಒಂದೆಲೆಯನ್ನು ಕ್ಯಾಮೆರಾದ ಹತ್ತಿರ ತಂದು, ನಕ್ಕು, ಬಣ್ಣ ನೋಡು ಎನ್ನುತ್ತಿದ್ದ. ಪರದೆಯ ಕೆಳಮೂಲೆಯಲ್ಲಿ ಕ್ಯಾಮೆರಾ ತಾನೇ ಮುದ್ರಿಸಿದ ದಿನಾಂಕವಿತ್ತು.

ಅದು ನಾನು ನಿವೃತ್ತನಾದಾಗಿನ ಬೀಳ್ಕೊಡುಗೆಯ ದಿನ.

ಅಣ್ಣ ನನ್ನನ್ನು ಓದಿಸಿದವನು. ಆ ಸಮಾರಂಭದ ಮುಂದಿನ ಸಾಲಿನಲ್ಲಿ ಅವನಿಗೆಂದು ಕಾದಿರಿಸಿದ ಕುರ್ಚಿ ಕೊನೆಯವರೆಗೂ ಖಾಲಿಯಾಗಿತ್ತು. ವಿಪರೀತ ಜ್ವರವೆಂದು ಅತ್ತಿಗೆ ಫೋನಿನಲ್ಲಿ ತಿಳಿಸಿದ್ದರು. ನಾನು ನಂಬಿರಲಿಲ್ಲ, ನಂಬಿಲ್ಲವೆಂದು ಹೇಳಲೂ ಇಲ್ಲ. ಆಮೇಲೆ ನಮ್ಮ ಮಾತು ಕ್ಷೇಮಸಮಾಚಾರವನ್ನು ದಾಟಲಿಲ್ಲ. ಈಗ ಅವನು ಅದೇ ದಿನಾಂಕದ ಮೇಲೆ ಕುಳಿತು ನಗುತ್ತಿದ್ದ, ನಾನೇ ಮಾಡಿದ ವ್ಯವಸ್ಥೆಯಿಂದಾಗಿ ನಿಲ್ಲದೆ ನಗುತ್ತಿದ್ದ.

ದಿನಚರಿ ತೆಗೆದು ನೋಡಿದೆ. ಆಹ್ವಾನಪತ್ರಿಕೆಯ ಉಳಿದ ಪ್ರತಿಯನ್ನು ಹುಡುಕಿದೆ. ಸಮಾರಂಭದ ಛಾಯಾಚಿತ್ರದ ಬೆನ್ನಿನ ಬರಹವನ್ನು ಓದಿದೆ. ಮೂರೂ ಒಂದೇ ದಿನವನ್ನು ಹೇಳಿದವು. ಮೂರು ಸ್ವತಂತ್ರ ದಾಖಲೆಗಳು ಕೂಡಿದಲ್ಲಿ ಸಂಶಯಕ್ಕೆ ಎಡೆಯಿಲ್ಲವೆಂದು ವೃತ್ತಿಜೀವನದುದ್ದಕ್ಕೂ ಕಿರಿಯರಿಗೆ ಹೇಳಿಕೊಂಡು ಬಂದವನು ನಾನು. ಅಣ್ಣ ಸುಳ್ಳು ಹೇಳಿದ್ದ. ಅತ್ತಿಗೆ ಆ ಸುಳ್ಳಿನ ಪಾಲುದಾರರು. ಕ್ಯಾಮೆರಾ ಹಿಡಿದವರೂ ಅವರೇ.

ಮರುದಿನ ಬೆಳಗಿನ ಬಸ್ಸಿಗೆ ಹಳ್ಳಿಗೆ ಹೋಗಿ ಡಿಸ್ಕು ಹಾಕಿ ತೋರಿಸಿದೆ. ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡು ನೋಡುತ್ತಿದ್ದರು. ನಾನು ಮೂಲೆಯ ಮೇಲೆ ಬೆರಳಿಟ್ಟು, ಅವತ್ತು ಜ್ವರವೆಂದಿರಲ್ಲ ಎಂದು ಕೇಳಿದೆ. ಅವರು ಸೆರಗು ಕೆಳಗಿಳಿಸಿ ನನ್ನತ್ತ ತಿರುಗಿದರು.

"ಸತ್ತೋರ ಜ್ವರಕ್ಕೂ ಸಾಕ್ಷಿ ಕೇಳೋನು ನೀನೊಬ್ನೆ ಕಣಪ್ಪ."

ಬಳಿಕ ವಿವರಿಸಿದರು. ಕ್ಯಾಮೆರಾ ಮಗಳು ಬಿಟ್ಟುಹೋದದ್ದು. ಬ್ಯಾಟರಿ ತೆಗೆದು ಹಾಕಿದ್ದರಿಂದ ಅದು ದಿನಾಂಕ ಕೇಳಿತು. ಅವರು ಗೋಡೆಯ ಮೇಲಿನ, ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರ್ ನೋಡಿ ಒತ್ತಿದರು. ಆ ಮನೆಯಲ್ಲಿ ಬ್ಯಾರನ್ನಿಗೆ ಬೆಂಕಿಯಿಟ್ಟ ದಿನದ ಹಾಳೆಯನ್ನು, ಸೊಪ್ಪು ಬೆಂದು ಕೆಳಗಿಳಿದು ಮುಗಿಯುವವರೆಗೂ ಹರಿಯುವುದಿಲ್ಲ. ಹರಿದರೆ ಬಣ್ಣ ಕೆಡುತ್ತದೆಂದು ನಮ್ಮಜ್ಜನ ಕಾಲದ ನಂಬಿಕೆ. ನಾನು ಓದಲು ಊರು ಬಿಟ್ಟವನಾದ್ದರಿಂದ ಅದನ್ನು ಮರೆತಿದ್ದೆ. ಅಣ್ಣ ಸೊಪ್ಪು ಬಿಡಿಸುತ್ತಿದ್ದುದು ಬೆಂಕಿಯಿಟ್ಟು ವಾರ ಕಳೆದ ಮೇಲೆ. ಗೋಡೆಯ ಮೇಲೆ ಮಾತ್ರ ಬೆಂಕಿಯಿಟ್ಟ ದಿನವೇ ನಿಂತಿತ್ತು.

ಇದರಿಂದ ಒಂದು ಪ್ರಶ್ನೆ ತೀರಿ ಇನ್ನೊಂದು ಹುಟ್ಟಿತು. ಹಾಗಾದರೆ ಬೀಳ್ಕೊಡುಗೆಯ ದಿನವೇ ಬ್ಯಾರನ್ನಿಗೆ ಬೆಂಕಿ ಇಡಲಾಗಿತ್ತು. ಜ್ವರದವನು ಬೆಂಕಿಯಿಟ್ಟನೇ? ಕೇಳಿಯೇಬಿಟ್ಟೆ.

"ಇಕ್ಕಿದ್ದು ನಾನು. ಅವ್ರು ಕಂಬ್ಳಿ ಹೊದ್ಕಂಡು ಮಲಗಿದ್ರು, ತಮ್ಮನ ಮಕ ನೋಡ್ಬೇಕು ಅಂತ ಎಲ್ಡು ಸಲ ಎದ್ದು ಬಿದ್ರು. ನೀನು ಓದಿದೋನು, ಆಳೆ ನೋಡ್ದೆ ನಂಬಕಿಲ್ಲ. ತಡಿ."

ದೇವರ ಪಟದ ಹಿಂದಿನಿಂದ ಅವರು ಹಾಳೆಗಳ ಕಟ್ಟೊಂದನ್ನು ತೆಗೆದರು. ಸೊಪ್ಪು ಇಳಿದ ಮೇಲೆ ಹರಿದ ಹಾಳೆಗಳನ್ನು ಅಲ್ಲಿ ಸಿಕ್ಕಿಸಿಡುತ್ತಾರೆ. ಬೆಂಕಿಯಿಟ್ಟವರು ಅಂದೇ ಹೆಬ್ಬೆರಳನ್ನು ಕುಂಕುಮದಲ್ಲಿ ಅದ್ದಿ ಅದರ ಮೇಲೆ ಒತ್ತಿರುತ್ತಾರೆ. ನಾನು ಒಂದೊಂದಾಗಿ ತಿರುವಿದೆ. ಎಲ್ಲದರ ಮೇಲೂ ಅಣ್ಣನ ಅಗಲವಾದ, ತುದಿ ಚಪ್ಪಟೆಯಾದ ಹೆಬ್ಬೆರಳು. ನನ್ನ ಬೀಳ್ಕೊಡುಗೆಯ ದಿನದ ಹಾಳೆಯ ಮೇಲೆ ಮಾತ್ರ ಅದರ ಅರ್ಧದಷ್ಟು ಗುರುತು. ನಾನು ಬಾಯಿ ತೆರೆಯುವ ಮೊದಲೇ ಅತ್ತಿಗೆ ತಮ್ಮ ಬೆರಳನ್ನು ಅದರ ಪಕ್ಕದಲ್ಲಿಟ್ಟರು.

ನಾನು ಕನ್ನಡಕ ಸರಿಪಡಿಸಿಕೊಂಡು ಬಗ್ಗಿ ನೋಡಿದೆ. ಬಗ್ಗಿ ನೋಡಬಾರದಿತ್ತು ಎಂದು ಈಗ ಅನ್ನಿಸುತ್ತದೆ.

ದಿನಾಂಕದ ಮೇಲೆ ಕಪ್ಪು ಪಟ್ಟಿ ಕೂರಿಸಿದ ಇನ್ನೊಂದು ಡಿಸ್ಕನ್ನೂ ತಂದಿದ್ದೆ. ಅದನ್ನು ಬಳಸಲಿಲ್ಲ. ಮುಚ್ಚಿದ್ದನ್ನು ಕಂಡರೆ ಜನ ಏನನ್ನೋ ಮುಚ್ಚಿಡಲಾಗಿದೆ ಎಂದೇ ತಿಳಿಯುತ್ತಾರೆ. ನಾನಾಗಿದ್ದರೆ ಹಾಗೆಯೇ ತಿಳಿಯುತ್ತಿದ್ದೆ.

ಪುಣ್ಯಸ್ಮರಣೆಯ ದಿನ ವಿಡಿಯೊ ತಡೆಯಿಲ್ಲದೆ ಓಡಿತು. ಅಣ್ಣ ಎಲೆ ತೋರಿಸಿದ, ನಕ್ಕ, ಮತ್ತೆ ಎಲೆ ತೋರಿಸಿದ. ಭೇರ್ಯದಿಂದ ಬಂದಿದ್ದ ನಮ್ಮ ಸೋದರಮಾವನ ಮಗ ನನ್ನ ಪಕ್ಕದಲ್ಲಿ ಕುಳಿತು, ಎಲೆ ಅಡಿಕೆ ಜಗಿಯುತ್ತ ನೋಡುತ್ತಿದ್ದ. ಅವನೂ ಆ ಸಮಾರಂಭಕ್ಕೆ ಬಂದವನು. ಮೂರನೆಯ ಸುತ್ತಿನಲ್ಲಿ ಅವನ ಕಣ್ಣು ಮೂಲೆಗೆ ಹೋಯಿತು, ಜಗಿಯುವುದು ನಿಂತಿತು.

"ಇದು ನಿನ್ನ ಫಂಕ್ಷನ್ ದಿನ ಅಲ್ವಾ? ಬಾವಂಗೆ ಜ್ವರ ಅಂದಿದ್ರು?"

ನಾನು ಬೆಂಕಿಯಿಟ್ಟ ಹಾಳೆಯಿಂದ ಹಿಡಿದು ಎಲ್ಲವನ್ನೂ ಕ್ರಮವಾಗಿ ವಿವರಿಸಿದೆ. ಅವನು ತಲೆಯಾಡಿಸಿದ. ನಂಬದವರು ತಲೆಯಾಡಿಸುವ ಬಗೆಯನ್ನು ನಾನು ಚೆನ್ನಾಗಿ ಬಲ್ಲೆ. ಪಂಕ್ತಿಯಲ್ಲಿ ಬಡಿಸುತ್ತಿದ್ದ ಅತ್ತಿಗೆ ಸೌಟು ಹಿಡಿದು ನಮ್ಮತ್ತಲೇ ನೋಡುತ್ತಿದ್ದರು. ಅವರನ್ನು ಇನ್ನೊಮ್ಮೆ ಸಾಕ್ಷಿಗೆ ಕರೆಯಲಾರೆನೆಂದು ನಾನೇ ಎದ್ದು, ಹಾಳೆ ತರಲು ದೇವರ ಪಟದ ಕಡೆ ನಡೆದೆ.