ಹಿಂದಿನ ಚಕ್ರದ ಆಸೆ

ಕಾರಿನ ವಿಷಯದಲ್ಲಿ ನಾನು ಹಿಂದಿನ ಚಕ್ರದ ಪಕ್ಷ. ನಮ್ಮ ಯಜಮಾನರು ನಾಲ್ಕೂ ಚಕ್ರದ ಪಕ್ಷ. ನಮ್ಮ ಮನೆಯ ಪುಟ್ಟ ಕಾರೋ, ಮುಂದಿನ ಚಕ್ರದ್ದು. ಹೀಗೆ ಇಬ್ಬರ ಬಳಿಯೂ ಇಲ್ಲದ ಆಸ್ತಿಗಾಗಿ ಕುಂದಲಹಳ್ಳಿಯ ಬಾಡಿಗೆ ಮನೆಯಲ್ಲಿ ವರ್ಷಗಟ್ಟಲೆ ವ್ಯಾಜ್ಯ ನಡೆದಿದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಎನ್ನುತ್ತಾರಲ್ಲ, ನಮ್ಮದು ಆ ಕುಲಾವಿಯ ಬಣ್ಣಕ್ಕಾಗಿ ಜಗಳ.

ವ್ಯಾಜ್ಯ ಏನೆಂದು ಹೇಳಿಬಿಡುತ್ತೇನೆ. ವೇಗದ ಕಾರುಗಳಲ್ಲಿ ಕೆಲವಕ್ಕೆ ಎಂಜಿನ್ನಿನ ಬಲವೆಲ್ಲ ಹಿಂದಿನ ಎರಡು ಚಕ್ರಗಳಿಗೆ ಹೋಗುತ್ತದೆ; ಮುಂದಿನವು ದಾರಿ ನೋಡಿಕೊಂಡರೆ ಸಾಕು. ಇನ್ನು ಕೆಲವುಗಳಲ್ಲಿ ಬಲ ನಾಲ್ಕಕ್ಕೂ ಹಂಚಿಕೆ. ಮಳೆಯಲ್ಲಿ ನಾಲ್ಕು ಚಕ್ರ ನೆಲ ಹಿಡಿದಷ್ಟು ಗಟ್ಟಿಯಾಗಿ ಎರಡು ಹಿಡಿಯುವುದಿಲ್ಲ, ತಿರುವಿನಲ್ಲಿ ಆತುರಪಟ್ಟರೆ ಬಾಲ ಬೀಸುತ್ತದೆ ಎಂಬುದು ಯಜಮಾನರ ವಾದ. ದೊಡ್ಡನೆಕ್ಕುಂದಿಯ ಕಾರ್ಖಾನೆಯಲ್ಲಿ ದಿನವಿಡೀ ಸುರಕ್ಷತೆಯ ಪಾಠ ಹೇಳುವವರು ಇನ್ನೇನು ಹೇಳಿಯಾರು? ನನಗೆ ಬೇಕಾದದ್ದು ಆ ಬಾಲವೇ. ಸೈಕಲ್ಲನ್ನು ನೋಡಿ: ಹಿಂದಿನ ಚಕ್ರ ದೂಡುತ್ತದೆ, ಮುಂದಿನದು ತಿರುಗುತ್ತದೆ. ನಾವೆಲ್ಲ ಮೊದಲು ಕಲಿಯುವ ವೇಗವೇ ಹಿಂದಿನಿಂದ ಬರುವಂಥದ್ದು. ಎತ್ತಿನ ಗಾಡಿಯನ್ನು ಮುಂದಿನಿಂದ ಎಳೆಯುತ್ತಾರೆ, ನಿಜ. ಆದರೆ ಎತ್ತಿನ ಗಾಡಿಯಲ್ಲಿ ಓಡಾಡುವ ಆಸೆಯಿಂದ ಯಾರಾದರೂ ನಿದ್ದೆಗೆಟ್ಟಿದ್ದಾರೆಯೇ?

ನಾನು ಹಿಂದಿನ ಚಕ್ರದ ಒಂದು ನೀಲಿ ಕಾರಿಗಾಗಿ ನಿದ್ದೆಗೆಟ್ಟವಳು. ಆಗ ವೈಟ್‌ಫೀಲ್ಡಿನ ಮೆಟ್ರೋ ಕಂಬಗಳು ಇನ್ನೂ ಎದ್ದಿರಲಿಲ್ಲ. ಆಫೀಸಿನ ದಾರಿಯಲ್ಲಿ ಒಂದು ಶೋರೂಮಿನ ಗಾಜಿನ ಹಿಂದೆ ಅದು ನಿಂತಿರುತ್ತಿತ್ತು, ಟ್ರಾಫಿಕ್ಕು ನನ್ನನ್ನು ದಿನಾ ಅದರ ಎದುರೇ ನಿಲ್ಲಿಸುತ್ತಿತ್ತು. ಎಲ್ಲರೂ ಸಿಗ್ನಲ್ಲಿಗೆ ಶಾಪ ಹಾಕುತ್ತಿದ್ದರೆ, ಅದು ಹಸಿರಾದಾಗ ಮುಖ ಸಣ್ಣ ಮಾಡಿಕೊಳ್ಳುತ್ತಿದ್ದವಳು ನಾನೊಬ್ಬಳೇ. ಕೊಳ್ಳುವ ಶಕ್ತಿ ಇರಲಿಲ್ಲ, ಅದು ಗೊತ್ತಿತ್ತು. ಒಂದೇ ಒಂದು ಸಲ ಓಡಿಸಬೇಕು, ಅಷ್ಟೇ ಬೇಕಾಗಿತ್ತು.

ಕೊನೆಗೆ ಒಂದು ಭಾನುವಾರ ಇಬ್ಬರೂ ಹೊರಟೇಬಿಟ್ಟೆವು. ಮದುವೆಮನೆಗೆ ಹೋಗುವವಳಂತೆ ನಾನು ರೇಷ್ಮೆ ಸೀರೆ ಉಟ್ಟೆ. ನಮ್ಮ ಬಡಪಾಯಿ ಕಾರನ್ನು ಕಂಡರೆ ಶೋರೂಮಿನವರು ಮಾತನಾಡಿಸಲಾರರೆಂದು ಅದನ್ನು ದೂರದಲ್ಲೇ, ಎಳನೀರಿನವನ ಪಕ್ಕ ಬಿಟ್ಟು, ಧೂಳಿನಲ್ಲಿ ನಡೆದು ಹೋದೆವು. ಸೇಲ್ಸ್‌ಮನ್ ನೀರು ಕೊಟ್ಟ, ಕಾಫಿ ಕೊಟ್ಟ, ಧೂಳು ಮೆತ್ತಿದ ನನ್ನ ಸೀರೆಯಂಚನ್ನೂ ನೋಡಿದ. ಆಮೇಲೆ ಮೆಲ್ಲಗೆ, "ಮೇಡಂ, ಈ ಶೋರೂಮಿಗೆ ನಡ್ಕೊಂಡು ಬಂದೋರು ನೀವೇ ಮೊದಲು" ಎಂದ.

ನಮ್ಮ ಜಾಣತನ ಅಲ್ಲಿಗೆ ಮುಗಿಯಿತು. ಅವಮಾನವೇನೋ ಆಯಿತು, ಅದಕ್ಕಿಂತ ಹೆಚ್ಚಾಗಿ, ಇನ್ನು ಕಾರು ಕೈಗೆ ಸಿಗುವುದಿಲ್ಲವಲ್ಲ ಎಂದು ಅಳು ಬರುವಂತಾಯಿತು. ಅವನು ಮಾತ್ರ ನಗುತ್ತಲೇ ಒಳಗೆ ಹೋಗಿ ಕೀಲಿಕೈ ತಂದ. ತಂದು ಯಜಮಾನರ ಕಡೆ ಚಾಚಿದ. ಅವರು ಅದನ್ನು ಮುಟ್ಟಲಿಲ್ಲ.

"ಇವ್ಳಿಗೆ ಕೊಡಿ," ಎಂದರು. "ನಂದು ನಾಲ್ಕು ಚಕ್ರದ ಪಾರ್ಟಿ."

ನೆರಿಗೆ ಸ್ವಲ್ಪ ಎತ್ತಿ ಸಿಕ್ಕಿಸಿಕೊಂಡು, ಚಪ್ಪಲಿ ಬಿಟ್ಟು ಕೂತೆ. ಪಕ್ಕದಲ್ಲಿ ಸೇಲ್ಸ್‌ಮನ್, ಹಿಂದೆ ಯಜಮಾನರು. ಮೊದಲಿಗೆ ಮಾಮೂಲಿ ಜಾತ್ರೆ: ಮುಂದೆ ನೀರಿನ ಟ್ಯಾಂಕರು, ಪಕ್ಕದಲ್ಲಿ ಕಂಪನಿ ಬಸ್ಸು. ಅಂಥಲ್ಲಿ ಯಾವ ಚಕ್ರಕ್ಕೆ ಬಲ ಹೋದರೇನು, ಎಲ್ಲವೂ ನಿಂತೇ ಇರುತ್ತವೆ. ಪಟ್ಟಂದೂರು ಅಗ್ರಹಾರದ ಕಡೆ ತಿರುಗಿದ ಮೇಲೆ ಒಂದು ತುಂಡು ರಸ್ತೆ ಖಾಲಿ ಸಿಕ್ಕಿತು. ಎಕ್ಸಲರೇಟರ್ ಒತ್ತಿದೆ. ಯಾರೋ ಬೆನ್ನಿಗೆ ಅಂಗೈ ಇಟ್ಟು, ಹೋಗು, ಎಂದ ಹಾಗಾಯಿತು. ಸ್ಟೀರಿಂಗು ಕೈಯಲ್ಲಿ ಹಗುರವಾಗಿತ್ತು. ಅಷ್ಟರಲ್ಲಿ ಹಂಪ್ಸು ಬಂತು. ಹಿಂದಿನ ಸೀಟಿನಲ್ಲಿ ಯಜಮಾನರು ಮನೆದೇವರ ಹೆಸರು ಹೇಳಿಕೊಳ್ಳುತ್ತಿದ್ದರು.

ಕೀಲಿಕೈ ಒಪ್ಪಿಸಿ, ಬಂದ ದಾರಿಯಲ್ಲೇ ನಡೆದು ನಮ್ಮ ಕಾರಿನ ಹತ್ತಿರ ಬಂದೆವು. ಯಜಮಾನರು ಎಳನೀರು ಕೊಡಿಸಿ, ನನ್ನ ಮುಖ ನೋಡಿ ಕೇಳಿದರು: "ಆಸೆ ತೀರ್ತಾ?"

ಇಷ್ಟು ವರ್ಷ ಅದು ಪತ್ರಿಕೆಯಲ್ಲಿ ಓದಿಕೊಂಡ ಆಸೆ. ಊಟದ ಹೊತ್ತಿನ ವಾದಕ್ಕೆ ಸಾಕಾಗುತ್ತಿತ್ತು. ಈಗ ಅದರ ರುಚಿ ಬೆನ್ನಿಗೇ ಗೊತ್ತಾಗಿಬಿಟ್ಟಿತ್ತು.

"ಇಲ್ಲ ಕಣ್ರೀ," ಎಂದೆ. "ಈಗ ಶುರುವಾಯ್ತು."