ಎರಡು ಸಲ ತೊಳೆದ ಆನೆ

ಮೂವತ್ತು ವರ್ಷಕ್ಕೂ ಮಿಕ್ಕಿ ತಾಲೂಕು ಕಚೇರಿಗಳಲ್ಲಿ ಕಾಗದ ನೋಡಿಕೊಂಡು ಬಂದ ನನಗೆ ನಿವೃತ್ತಿಯ ನಂತರ ಸಿಕ್ಕ ಮೊದಲ ಹೊಣೆಗಾರಿಕೆಯ ಕೆಲಸವೆಂದರೆ ಮೊಮ್ಮಗಳ ಆಟಿಕೆ ತೊಳೆಯುವುದು. ಅದೂ ಸುಮ್ಮನೆ ಬಂದದ್ದಲ್ಲ. ಮೂರು ವರ್ಷದ ಆ ಹುಡುಗಿ ಕೆಲವು ದಿನಗಳಿಂದ ಬೆಳಗಾದರೆ ಸಾಕು, ಸೀನಲು ಶುರು ಮಾಡುತ್ತಿದ್ದಳು. ಡಾಕ್ಟರು ಔಷಧ ಬರೆದುಕೊಟ್ಟು, "ಬಟ್ಟಿ ಗೊಂಬಿ ಏನರ ತಬ್ಕೊಂಡು ಮಲಗತಾಳೇನು? ಧೂಳ ಹಿಡದಿರತಾವ. ಮೊದಲ ಅವನ್ನ ತೊಳೀರಿ" ಎಂದಿದ್ದರು. ಮಗ, ಸೊಸೆ ಇಬ್ಬರೂ ನೌಕರಿಯವರು. ನನ್ನ ಹೆಂಡತಿಗೆ ಅಡುಗೆಮನೆಯ ಅಧಿಕಾರವಿದೆ. ಗಂಗಾವತಿಯ ಆ ಮನೆಯಲ್ಲಿ ಕೆಲಸವಿಲ್ಲದವನೆಂದು ದಾಖಲೆ ಸಮೇತ ಸಾಬೀತು ಮಾಡಬಹುದಾಗಿದ್ದದ್ದು ನನ್ನೊಬ್ಬನನ್ನೇ.

ಸೊಸೆ ಕೊಪ್ಪಳದ ಬಸ್ಸಿಗೆ ಹೊರಡುವ ಗಡಿಬಿಡಿಯಲ್ಲೇ ಅಪ್ಪಣೆ ಕೊಟ್ಟಳು. "ಮಾವಾರ, ಪ್ಲಾಸ್ಟಿಕ್ಕಿನ್ವು ಬೆಚ್ಚನ ನೀರಾಗ ಸೋಪ್ ಹಾಕಿ ತೊಳದ್ರ ಸಾಕ್ರಿ. ಸೆಲ್ಲಿನ್ವು ನೀರಾಗ ಅದ್ದಬ್ಯಾಡ್ರಿ, ಹಸಿ ಅರಬಿಲೆ ಒರಸ್ರಿ. ಆನಿ ಮಾತ್ರ ದಿಂಬಿನ ಗಲೀಪಿನಾಗ ಹಾಕಿ, ಬಾಯಿ ಕಟ್ಟಿ, ಮಶಿನ್ನಿಗೆ ಬಿಡ್ರಿ. ಒಂದ ಗಂಟೆಕ್ಕ ಆಕಿ ಅಂಗನವಾಡಿಯಿಂದ ಬರತಾಳ. ಅಷ್ಟರಾಗ ಒಣಗಿರಬೇಕು ನೋಡ್ರಿ."

ಆ ಕೊನೆಯ ಮಾತಿನ ತೂಕ ಮನೆಯಲ್ಲಿ ಎಲ್ಲರಿಗೂ ಗೊತ್ತು. ಆನೆ ಒಂದು ಮೊಳದ್ದು, ಬಟ್ಟೆಯದು, ಒಂದು ಕಾಲಕ್ಕೆ ನೀಲಿ ಇತ್ತು. ಅದು ಕಂಕುಳಲ್ಲಿ ಇಲ್ಲದೆ ಹುಡುಗಿ ಮಧ್ಯಾಹ್ನ ಮಲಗುವುದಿಲ್ಲ. ಮಧ್ಯಾಹ್ನ ಮಲಗದ ಹುಡುಗಿ ಸಂಜೆವರೆಗೆ ಮನೆಯಲ್ಲಿ ಯಾರನ್ನೂ ಮನುಷ್ಯರಂತೆ ಇರಗೊಡುವುದಿಲ್ಲ.

ನಾನು ಹಿತ್ತಲಲ್ಲಿ ಚಾಪೆ ಹಾಸಿ ಪಂಚನಾಮೆಗೆ ಕೂತೆ. ಜೆಸಿಬಿ ಒಂದು, ಅದರ ಬಾಯಲ್ಲಿ ಒಣಗಿದ ಮಣ್ಣು ಸಮೇತ. ಒಲೆ, ಕುಕ್ಕರು, ಸೌಟುಗಳ ಒಂದು ಸಂಸಾರ. ಎಡಗೈ ಇಲ್ಲದ ಗೊಂಬೆ. ಹಳದಿ ಬಾತುಕೋಳಿ. ಸೆಲ್ಲು ಹಾಕುವ ಒಂದು ಫೋನು. ಇದನ್ನು ಒರೆಸುವಾಗಲೆಲ್ಲ ಒಬ್ಬ ಹೆಂಗಸು ಒಳಗಿನಿಂದ ಇಂಗ್ಲಿಷಿನಲ್ಲಿ ಅಂಕಿ ಹೇಳುತ್ತಿದ್ದಳು, ನಾಲ್ಕಾದ ಮೇಲೆ ಯಾವಾಗಲೂ ಏಳು. ಬಾತುಕೋಳಿಯನ್ನು ಹಿಚುಕಿದರೆ ಕೆಳಗಿನ ತೂತಿನಿಂದ ಕಪ್ಪು ನೀರು ನನ್ನ ಧೋತರದ ಮೇಲೆ ಹಾರಿತು. ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಹೊಟ್ಟ್ಯಾಗ ಪಾಚಿ ಕಟ್ಟೈತಿ ಅದಕ್ಕ. ಬಿಸಿನೀರ ಕುಡಿಸಿ ಹಿಚುಕ್ರಿ, ಸ್ವಚ್ಛ ನೀರ ಬರೂತನಾ."

ಕುಡಿಸಿದೆ, ಹಿಚುಕಿದೆ. ಏಳನೆಯ ಸಲಕ್ಕೆ ಅದು ನಿರ್ದೋಷಿ ಎಂದು ಸಾಬೀತಾಯಿತು. ಜೆಸಿಬಿಯ ಗಾಲಿಗಳ ಸಂದಿಗೆ ಬಚ್ಚಲಲ್ಲಿದ್ದ ಹಳೆಯ ಹಲ್ಲುಜ್ಜುವ ಬ್ರಷ್ಷು ಬಳಸಿದೆ. ಅದು ನಿವೃತ್ತವಾಗಿರಲಿಲ್ಲ, ಇನ್ನೂ ಸೇವೆಯಲ್ಲಿತ್ತು ಎಂಬುದನ್ನು ಮಗ ಸಂಜೆ ತಿಳಿಸಿದ. ಬೋರಿನ ನೀರು ಹಾಗೇ ಆರಿದರೆ ಬಿಳಿ ಕಲೆ ಕೂಡುತ್ತದೆಂದು ಒಂದೊಂದನ್ನೂ ಒಣ ಬಟ್ಟೆಯಿಂದ ಒರೆಸಿ ಸಾಲಾಗಿ ನಿಲ್ಲಿಸಿದೆ. ನೋಡಿದರೆ ಯಾವ ಮೇಲಧಿಕಾರಿಯೂ ತಲೆದೂಗಬೇಕು, ಹಾಗಿತ್ತು.

ಉಳಿದದ್ದು ಆನೆ. ಇಲ್ಲಿ ನಾನು ಅಪ್ಪಣೆ ಮೀರಿದೆ. ಮೊಳದುದ್ದದ ಆನೆಗೆ ಯಂತ್ರದ ಹಂಗೇಕೆ ಎಂದುಕೊಂಡು ಬಕೆಟ್ಟಿನಲ್ಲಿ ನೆನೆಸಿ, ತಿಕ್ಕಿ, ಧೋತರ ಹಿಂಡುವಂತೆ ಹಿಂಡಿದೆ. ಒಳಗಿನ ಹತ್ತಿ ಸೊಂಡಿಲಿನಲ್ಲಿ ಗಂಟುಗಟ್ಟಿ ಸೊಂಡಿಲು ಸಲಾಮು ಹೊಡೆಯುವಂತೆ ಮೇಲೆದ್ದಿತು. ಇರಲಿ ಎಂದು ಮಾಳಿಗೆಗೆ ಒಯ್ದು ತಂತಿಗೆ ಕಿವಿ ಹಿಡಿದು ಸಿಕ್ಕಿಸಿ ಬಂದೆ. ನಾನು ಯಲಬುರ್ಗಾ ಕಡೆಯವನು. ನಮ್ಮಲ್ಲಿ ಮಾಳಿಗೆಯ ಮೇಲೆ ಬೀಳುವುದು ಬಿಸಿಲೊಂದೇ. ಮೆಣಸಿನಕಾಯಿ ಹಾಕಿದರೂ ಅಷ್ಟೇ, ಆನೆ ಹಾಕಿದರೂ ಅಷ್ಟೇ.

ತಾಸು ಬಿಟ್ಟು ಹೋಗಿ ನೋಡಿದರೆ ಆನೆಯ ಮೈತುಂಬ ಕರಿ ಚುಕ್ಕೆ. ಒರೆಸಲು ಹೋದೆ, ಚುಕ್ಕೆಗಳು ಗೆರೆಗಳಾದವು. ಕೆಳಗೆ ತಂದು ಹೆಂಡತಿಯ ಮುಂದೆ ಹಿಡಿದೆ. ಅವಳು ಕಾರಟಗಿಯಲ್ಲಿ ಹುಟ್ಟಿ ಬೆಳೆದವಳು, ಭತ್ತದ ಊರಿನವಳು.

"ಅಕ್ಕಿ ಮಿಲ್ಲಿನ ಬೂದಿ ಅದು. ಭತ್ತದ ಹೊಟ್ಟು ಉರಿಸ್ತಾರ, ಗಾಳಿ ಈ ಕಡೆ ಬಂತಂದ್ರ ಮಾಳಗಿ ತುಂಬ ಬೀಳತೈತಿ. ನಾ ಎಂದರ ಅರಬಿ ಮ್ಯಾಲೆ ಹಾಕಿದ್ದು ನೋಡೀರೇನು?"

"ನೋಡಿಲ್ಲ."

"ಎರಡ ವರ್ಷ ಆತು ಈ ಊರಿಗೆ ಬಂದು. ಕೇಳಬೇಕಿತ್ತಿಲ್ರಿ."

"ಕಚೇರ್ಯಾಗ ಹಿಂಗ ಯಾರೂ ಬೂದಿ ಉದುರಿಸ್ತಿರಲಿಲ್ಲ" ಎಂದೆ.

"ಅಲ್ಲಿ ಧೂಳ ಇತ್ತು, ನಿಮಗ ರೂಢಿ ಆಗಿತ್ತು" ಎಂದು ಅವಳು ಆನೆಯನ್ನು ಕಸಿದುಕೊಂಡು, ಸೊಂಡಿಲಿನ ಗಂಟು ಬೆರಳಿನಿಂದ ಬಿಡಿಸಿ, ಗಲೀಪಿಗೆ ಹಾಕಿ, ಬಾಯಿ ಕಟ್ಟಿ, ಮಶಿನ್ನಿಗೆ ಬಿಟ್ಟಳು. ಆಗ ಹತ್ತೂವರೆ. ಮಶಿನ್ನು ಹಿಂಡಿ ಕೊಟ್ಟ ಆನೆ ನಾನು ಹಿಂಡಿದ್ದಕ್ಕಿಂತ ಎಷ್ಟೋ ಹಗುರವಾಗಿತ್ತು. ಇದನ್ನು ನಾನು ಬಾಯಿಬಿಟ್ಟು ಒಪ್ಪಲಿಲ್ಲ. ಹಿತ್ತಲಲ್ಲಿ ಬಿಸಿಲು ಬೀಳುವ ಕಡೆ ಕುರ್ಚಿ ಹಾಕಿ, ಆನೆಯ ಮೇಲೆ ತೆಳು ಪಂಚೆ ಹೊದಿಸಿ, ಪಕ್ಕದಲ್ಲಿ ಕಾವಲು ಕೂತೆ. ಹತ್ತು ನಿಮಿಷಕ್ಕೊಮ್ಮೆ ಮಗ್ಗುಲು ಬದಲಿಸಿದೆ. ಹಿಂದಿನ ಬೀದಿಯಲ್ಲಿ ಹೋಗುತ್ತಿದ್ದ ಪರಿಚಯದವರೊಬ್ಬರು ಗೋಡೆಯ ಮೇಲಿಂದ, "ಯಾರಿಗೆ ಆರಾಮಿಲ್ರಿ ಸಾಹೇಬ್ರ?" ಎಂದು ಕೇಳಿದರು. ಸುಧಾರಿಸುತ್ತಿದೆ ಎಂದು ಹೇಳಿ ಕಳಿಸಿದೆ. ಹನ್ನೆರಡರ ಮೇಲೂ ಹೊಟ್ಟೆ ತೇವವಿತ್ತು. ಒಳಗೆ ಒಯ್ದು ಟೇಬಲ್ ಫ್ಯಾನಿನ ಮುಂದೆ ಇಟ್ಟೆ. ಒಂದಕ್ಕೆ ಐದು ನಿಮಿಷವಿರುವಾಗ ಕೆನ್ನೆಗೆ ಒತ್ತಿ ನೋಡಿದೆ. ಒಣಗಿತ್ತು.

ಹುಡುಗಿ ಬಂದಳು. ಸಾಲಾಗಿ ನಿಂತಿದ್ದ ಜೆಸಿಬಿ, ಬಾತುಕೋಳಿಗಳ ಕಡೆ ಕಣ್ಣೆತ್ತಿಯೂ ನೋಡದೆ ನೇರ ಆನೆಯ ಹತ್ತಿರ ಹೋದಳು. ಎತ್ತಿಕೊಂಡು ಮೂಗಿಗೆ ಹಿಡಿದಳು. ಮತ್ತೊಮ್ಮೆ ಹಿಡಿದಳು. ಕೆಳಗಿಟ್ಟಳು.

"ಅಜ್ಜಾ, ನನ್ನ ಆನಿ ಎಲ್ಲೈತಿ?"

"ಇದ ಐತಲ್ಲವ್ವ."

"ಇದು ಬ್ಯಾರೇದು."

ನಾನು ಸಾಕ್ಷಿ ಹಾಜರುಪಡಿಸಿದೆ. ಬಲಗಿವಿಗೆ ಅವಳ ಅಜ್ಜಿಯೇ ಹಾಕಿದ ಕೆಂಪು ದಾರದ ಹೊಲಿಗೆ, ಅವಳೇ ಕಚ್ಚಿ ಸಡಿಲ ಮಾಡಿದ ಗುಂಡಿಯ ಕಣ್ಣು. ಅವಳು ಹೊಲಿಗೆ ನೋಡಿದಳು, ಕಣ್ಣು ನೋಡಿದಳು, ಎರಡನ್ನೂ ತಳ್ಳಿಹಾಕಿದಳು. "ಇದು ಸೋಪಿನ ಆನಿ." ಅತ್ತಿದ್ದರೆ ಸಮಾಧಾನ ಮಾಡಲು ದಾರಿಯಿರುತ್ತಿತ್ತು. ಅಳಲಿಲ್ಲ. ಮಂಚದ ಕೆಳಗೆ ಬಗ್ಗಿ ನೋಡಿದಳು, ಬಾಗಿಲ ಹಿಂದೆ ನೋಡಿದಳು, ಆಮೇಲೆ ನನ್ನ ಕೋಣೆಗೆ ಹೋಗಿ ನನ್ನ ಟ್ರಂಕಿನ ಹಿಂದೆ ಹುಡುಕತೊಡಗಿದಳು. ಎಷ್ಟೋ ತಕರಾರು ಅರ್ಜಿಗಳನ್ನು ಎದುರಿಸಿದವನು ನಾನು. ಆದರೆ ಆ ಪುಟ್ಟ ಬೆನ್ನು ಟ್ರಂಕಿನ ಸಂದಿಯಲ್ಲಿ ಬಗ್ಗಿದ್ದನ್ನು ನೋಡಿ ಮಂಚದ ಮೇಲೆ ಕೂತುಬಿಟ್ಟೆ. ಅವಳ ಆನೆಯನ್ನು ನಾನೇ ತೊಳೆದು ಇಲ್ಲದಂತೆ ಮಾಡಿದ್ದೆ.

ಮತ್ತೆ ವಾದಕ್ಕಿಳಿಯುವವನಿದ್ದೆ. ಹೆಂಡತಿ, "ನೀವು ಸುಮ್ನ ಕುಂದರ್ರಿ. ಮೊದಲ ಉಣ್ಣಲಿ" ಎಂದಳು.

ಹುಡುಗಿಯನ್ನು ಊಟಕ್ಕೆ ಕೂರಿಸಿ, ಆನೆಯನ್ನು ತಾಟಿನ ಪಕ್ಕ ಇಟ್ಟಳು. ಅನ್ನ, ಸಾರು, ಮೇಲೆ ತುಪ್ಪ. ನಾಲ್ಕು ತುತ್ತು ಹುಡುಗಿ ತಾನೇ ಉಂಡಳು. ಐದನೆಯದನ್ನು ಎಂದಿನ ರೂಢಿಯಲ್ಲಿ ಸೊಂಡಿಲಿಗೆ ಒತ್ತಿದಳು. ಒತ್ತಿ, ಅನುಮಾನದಿಂದ ನೋಡಿದಳು. ಕೈಯನ್ನು ಅದರ ಹೊಟ್ಟೆಗೆ ಒರೆಸಿದಳು. ಮತ್ತೊಂದು ತುತ್ತು. ಬಾಯಿಯನ್ನು ಅದರ ಬೆನ್ನಿಗೆ ಒರೆಸಿಕೊಂಡಳು. ಕಾಲು ತಾಸಿನಲ್ಲಿ ಅರ್ಧ ದಿನದ ಸರಕಾರಿ ಕೆಲಸ ನನ್ನ ಕಣ್ಣೆದುರೇ ಸಾರಿನ ಪಾಲಾಯಿತು. ಊಟ ಮುಗಿಸಿ ಅವಳು ಆನೆಯನ್ನು ಎತ್ತಿ ಮೂಗಿಗೆ ಹಿಡಿದಳು.

"ಬಂತು" ಎಂದಳು.

ಎರಡು ಗಂಟೆಗೆ ಇಬ್ಬರೂ ಮಲಗಿದ್ದರು, ಆನೆಯ ಸೊಂಡಿಲು ಅವಳ ಕೊರಳ ಮೇಲೆ. ನನಗೂ ಒಳ್ಳೆಯ ನಿದ್ದೆ ಬಂತು.

ಸಂಜೆ ಸೊಸೆ ಬ್ಯಾಗು ಇಳಿಸುತ್ತಲೇ ಆನೆಯನ್ನು ಎತ್ತಿ, ಹಳದಿ ಹೊಟ್ಟೆಯನ್ನು ದೀಪಕ್ಕೆ ಹಿಡಿದು ನೋಡಿದಳು. "ಇದನ್ನ ತೊಳದಽ ಇಲ್ಲೇನ್ರಿ ಮಾವಾರ?"

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಅಲ್ಲಿ ಯಾರೋ ನಗು ತಡೆಯುತ್ತಿದ್ದರು.

"ತೊಳದೀನವ್ವ," ಎಂದೆ. "ಎರಡ ಸಲ."